ಎಡರೆಕ್ಕೆ

ನನ್ನ ಕೈ ಚಿಕ್ಕದು. ಅದಕ್ಕೇ ಕೆಲಸ ಸಿಕ್ಕಿತು.
ಮೋಸ್ತಾರಿನ ವಿಮಾನ ಕಾರ್ಖಾನೆಯಲ್ಲಿ ಮೇಸ್ತ್ರಿ ಝ್ದೆನ್ಕೊ
ನನ್ನ ಬೆರಳುಗಳನ್ನು ಬೆಂಡೆಕಾಯಿಯಂತೆ ಮಗುಚಿ ನೋಡಿ
"ಮುನಿಬಾ, ನೀನು ರೆಕ್ಕೆಯೊಳಗೆ" ಅಂದ.

ಹೊರಗೆ ರಾಡೋಯ್ಕಾ ಗನ್ ಹಿಡಿದು ರಿವೆಟ್ ಹೊಡೆಯುವಳು.
ಒಳಗೆ ನಾನು, ಭುಜದವರೆಗೂ ಅಲ್ಯೂಮಿನಿಯಂ ಕತ್ತಲೆಯಲ್ಲಿ,
ಉಕ್ಕಿನ ತುಂಡೊಂದನ್ನು ಎದುರೊತ್ತಿ ಹಿಡಿಯುವಳು.
ಅವಳ ಏಟು ನನ್ನ ಅಂಗೈಗೆ ಬಂದು ನಿಲ್ಲಬೇಕು,
ನಿಂತಲ್ಲಿ ರಿವೆಟ್ಟಿನ ಬಾಲ ಅರಳಬೇಕು.
ಅಷ್ಟೇ ಕೆಲಸ.
ಏಳು ವರ್ಷ ಮುಖ ಕಾಣದೆ
ತಗಡಿನ ಆಚೀಚೆ ಮಾತಾಡಿದೆವು:
ಒಂದು ತಟ್ಟು, ಸರಿಯಾಯಿತು.
ಎರಡು, ಇನ್ನೊಮ್ಮೆ ಹೊಡಿ.
ಮೂರು, ಕೆಟ್ಟಿತು, ಕಿತ್ತು ಹಾಕು.

ವಿಮಾನದ ಹೆಸರು ಗಾಲೆಬ್. ಕಡಲಹಕ್ಕಿ ಅಂತ ಅರ್ಥ.
ನಮ್ಮೂರಿಗೆ ಕಡಲಿಲ್ಲ, ಇರುವುದು ನೆರೆತ್ವಾ ಹೊಳೆ,
ಬೇಸಗೆಯಲ್ಲೂ ಹಲ್ಲು ಕಟ್ಟಿಸುವ ಹಸಿರು ನೀರು.
ಕಲಿಸುವ ವಿಮಾನ ಅದು. ಎರಡು ಸೀಟು, ಒಂದರ ಹಿಂದೊಂದು.
ಮುಂದೆ ಹುಡುಗ. ಹಿಂದೆ, ಗೇಣು ಎತ್ತರದಲ್ಲಿ, ಗುರು.
ಸೈಕಲ್ ಕಲಿಸುವ ಅಪ್ಪ ಹಿಂದಿನಿಂದ ಹಿಡಿದುಕೊಂಡಂತೆ.
ಹಿಡಿದಿದ್ದಾನೋ ಬಿಟ್ಟಿದ್ದಾನೋ
ಮುಂದಿನವನಿಗೆ ಗೊತ್ತಾಗಬಾರದು.

ರೆಕ್ಕೆಯಡಿ ನಾಲ್ಕು ಕೊಕ್ಕೆ.
ಎರಡರ ಸುತ್ತಲಿನ ರಿವೆಟ್ಟುಗಳು ನನ್ನವು, ದಪ್ಪ ಜಾತಿಯವು.
"ಇವು ಯಾಕೆ?" ಎಂದೆ ಮೊದಲ ವಾರ.
ಝ್ದೆನ್ಕೊ ಬೀಡಿಯಷ್ಟು ಮೋಟಾದ ಸಿಗರೇಟು ಆರಿಸುತ್ತ ಹೇಳಿದ:
"ಪಾಠದ ಕೊನೇ ಭಾಗಕ್ಕೆ."

ಗನ್ನಿನ ಸದ್ದಿಗೆ ನನ್ನ ಎಡಗಿವಿ ಹೋಯಿತು.
ಡಾಕ್ಟರು ಪತ್ರ ಕೊಟ್ಟರು, ಕಾರ್ಖಾನೆ ಪಿಂಚಣಿಯ ಮಾತು ಕೊಟ್ಟಿತು.
ಉಳಿದ ತಗಡಿನಲ್ಲಿ ರಾಡೋಯ್ಕಾ ಮಾಡಿಕೊಟ್ಟ ಕಾಫಿ ತಟ್ಟೆ
ಈಗಲೂ ಇದೆ. ತೂಕವೇ ಇಲ್ಲ, ಕಪ್ ಎತ್ತಿದರೆ ಹಾರುತ್ತದೆ.

ಆಮೇಲೆ ಆ ವಸಂತ ಬಂತು. ಅಂಜೂರ ಇನ್ನೂ ಹೀಚು.
ರಾಡೋಯ್ಕಾ ಒಂದು ರಾತ್ರಿ ಬಸ್ಸು ಹತ್ತಿದಳು,
ಕೀಲಿಕೈ ನನ್ನ ಹೂಕುಂಡದ ಅಡಿ ಇಟ್ಟು, ಚೀಟಿಯಿಲ್ಲದೆ.
ನೆಲಮಾಳಿಗೆಯಲ್ಲಿ ನಾವು ಹತ್ತೊಂಬತ್ತು ಜನ, ಒಂದು ಆಡು.
ಮೇಲೆ ಸದ್ದು ಬಂದಾಗ ಎಲ್ಲರೂ ಬಾಯಿಗೆ ಬಂದ ಹೆಸರು ಹೇಳಿದರು.
ನಾನು ಸುಮ್ಮನಿದ್ದೆ. ನನಗೆ ಗೊತ್ತಿತ್ತು.
ಹೆತ್ತವಳಿಗೆ ಕೆಮ್ಮು ಕೇಳಿದರೆ ಸಾಕು, ಮಗು ಯಾವುದೆಂದು.
ಆದರೆ ಒಂದೇ ಕಿವಿಯವಳಿಗೆ
ಸದ್ದು ಯಾವುದೆಂದು ತಿಳಿಯುತ್ತದೆ, ಯಾವ ಕಡೆಯಿಂದೆಂದು ತಿಳಿಯುವುದಿಲ್ಲ.
ಎಲ್ಲ ಕಡೆಯಿಂದಲೂ ಬಂತು.

ಏನು ಬಯಸಿದೆ ಅಂತ ಕೇಳಬೇಡಿ.
ರೆಕ್ಕೆ ಕಳಚಲಿ ಅಂದುಕೊಂಡೆ, ನಿಜ.
ಮರುಗಳಿಗೆಯೇ,
ಕಳಚಲಾರದು, ನಾನು ಹಿಡಿದದ್ದು, ಅಂತ
ಎದೆ ಉಬ್ಬಿತು. ಅದೂ ನಿಜ.
ಕೈಗುಣ ಅನ್ನುತ್ತಾರಲ್ಲ.
ಅದಕ್ಕೆ ನಾಚಿಕೆಯಿಲ್ಲ.

ಈಗ ಊರಾಚೆಯ ಉದ್ಯಾನದಲ್ಲಿ ಒಂದನ್ನು ಕಂಬದ ಮೇಲೆ ಕೂರಿಸಿದ್ದಾರೆ.
ಬಣ್ಣದ ಮೇಲೆ ಬಣ್ಣ; ನಕ್ಷತ್ರವನ್ನು ಯಾರೋ ಉಜ್ಜಿ ತೆಗೆದಿದ್ದಾರೆ.
ಸೊಂಟ ಹಿಡಿದುಕೊಂಡು ಮೆಟ್ಟಿಲು ಹತ್ತಿ
ಎಡರೆಕ್ಕೆಯಡಿ ಕೈಯಾಡಿಸಿದೆ.
ರಾಡೋಯ್ಕಾಗೆ ಮಗ ಹುಟ್ಟಿದ ಸುದ್ದಿ ಬಂದ ದಿನ
ನಕ್ಕು ನಕ್ಕು ಓರೆಯಾದ ರಿವೆಟ್ಟೊಂದಿತ್ತು; ಸಿಗಲಿಲ್ಲ.
ಇದು ಬೇರೆ ವಿಮಾನವಿರಬಹುದು.
ಬೆರಳ ಗಂಟಿನಿಂದ ಮೂರು ಸಲ ತಟ್ಟಿ
ಬಲಗಿವಿ ಆನಿಸಿದೆ.
ಒಳಗೆ ಕಣಜಗಳು.

"ಅಜ್ಜಿ, ಮುಂದಿನ ಸೀಟು ಯಾರದು?"
ಐಸ್‌ಕ್ರೀಮ್ ಹಿಡಿದ ಹುಡುಗ, ಮೊಣಕಾಲು ತುಂಬ ಗಾಯ.
"ಏನೂ ಗೊತ್ತಿಲ್ಲದವನದು."
"ಹಿಂದಿನದು?"
ಕರಗುತ್ತಿದೆ ನೋಡು, ಬೇಗ ತಿನ್ನು, ಅಂದೆ.